ಬೆಳಗಿನ 5:20ರ ಓಟ, ಗೆಳತಿ, ಹುರಿಟ್ಟಿನ ಉಂಡೆ: ತುಮಕೂರಿನ ಅಮ್ಮಂದಿರೇ, ಬನ್ನಿ ಮಾತಾಡೋಣ

ಶೆಟ್ಟಿಹಳ್ಳಿ ಅಮ್ಮ

ಎಲ್ಲರಿಗೂ ನಮಸ್ಕಾರ. ಹೋದ ಭಾನುವಾರ ಮಹಾತ್ಮ ಗಾಂಧಿ ಕ್ರೀಡಾಂಗಣದ ಟ್ರ್ಯಾಕಿನಲ್ಲಿ ಮೊದಲ ಸಲ ಒಂದೂ ಕಡೆ ನಿಲ್ಲದೆ 25 ಸುತ್ತು ಓಡಿದೆ. ಒಂದು ಸುತ್ತಿಗೆ 400 ಮೀಟರ್, ಅಂದರೆ 10 ಕಿಲೋಮೀಟರ್. 1 ಗಂಟೆ 21 ನಿಮಿಷ ಹಿಡಿಯಿತು. ಮನೆಗೆ ಬಂದು ಚಪಾತಿ ಲಟ್ಟಿಸುವಾಗಲೂ ಮುಖದ ಮೇಲೆ ನಗು ಹಾಗೇ ಇತ್ತಂತೆ, ಮಗಳು ಹೇಳಿದಳು. ಯಾರ ಹತ್ತಿರ ಹೇಳಿಕೊಳ್ಳಲಿ ಅನ್ನಿಸಿತು, ಇಲ್ಲಿ ಬರೆಯುತ್ತಿದ್ದೇನೆ.

ನನಗೆ 41 ವರ್ಷ. ಮಗಳು ಎಸ್ಸೆಸ್ಸೆಲ್ಸಿ, ಮಗ ನಾಲ್ಕನೇ ಕ್ಲಾಸು. ಅತ್ತೆ ಜೊತೆಗಿದ್ದಾರೆ. ನಾನು ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೂರುವವಳು. ಮೂರು ವರ್ಷದ ಹಿಂದೆ ನನ್ನ ದಿನ ಹೇಗಿತ್ತು ಅಂದರೆ, ಬೆಳಗ್ಗೆ ಒಲೆ ಮುಂದೆ ನಿಲ್ಲೋದು, ಹಗಲೆಲ್ಲ ಕುರ್ಚಿ, ಸಂಜೆ ಮತ್ತೆ ಒಲೆ. ಸೊಂಟ ಹಿಡಿದುಕೊಳ್ಳುತ್ತಿತ್ತು. ಚಿಕ್ಕ ಮಾತಿಗೂ ಮಕ್ಕಳ ಮೇಲೆ ರೇಗುತ್ತಿದ್ದೆ, ಆಮೇಲೆ ರಾತ್ರಿ ಅವರು ಮಲಗಿದ ಮೇಲೆ ಸಂಕಟಪಡುತ್ತಿದ್ದೆ.

ಹಾಲಿನ ಬೂತಿನ ಹತ್ತಿರ ದಿನಾ ಒಬ್ಬರು ಸಿಗುತ್ತಿದ್ದರು. ಹೈಸ್ಕೂಲಿನಲ್ಲಿ ಸೈನ್ಸ್ ಟೀಚರ್, ನನಗಿಂತ ಆರು ವರ್ಷ ದೊಡ್ಡವರು. ಚೂಡಿದಾರ, ಕ್ಯಾನ್ವಾಸ್ ಶೂ, ಬೆವರಿದ ಹಣೆ. "ಅಕ್ಕ, ವಾಕಿಂಗಾ?" ಅಂತ ಕೇಳಿದೆ. "ಇಲ್ಲ ಕಣಮ್ಮ, ಓಟ. ನಾಳೆ ನೀನೂ ಬಾ. ಓಡಬೇಡ, ಸುಮ್ನೆ ಬಾ" ಅಂದರು. ಅಷ್ಟೇ. ಅವತ್ತಿನಿಂದ ಅವರು ನನಗೆ ಟೀಚರಕ್ಕ.

ಅವರು ಕಲಿಸಿದ ಲೆಕ್ಕ ಇದು. ಶುರುವಿನಲ್ಲಿ ವಾಚು ಬೇಡ, ಲೈಟುಕಂಬ ಸಾಕು. ಒಂದು ಕಂಬದಿಂದ ಇನ್ನೊಂದು ಕಂಬದ ತನಕ ಓಡು, ಆಮೇಲೆ ಎರಡು ಕಂಬ ನಡಿ. ಮತ್ತೆ ಒಂದು ಕಂಬ ಓಡು. ಪಕ್ಕದವರ ಜೊತೆ ಮಾತಾಡಲು ಆಗದಷ್ಟು ಏದುಸಿರು ಬಂತೋ, ಜೋರಾಯಿತು ಅಂತ ಅರ್ಥ, ನಿಧಾನ ಮಾಡು. ನಾನು ಎರಡು ತಿಂಗಳು ಬರೀ ಕಂಬ ಎಣಿಸಿದೆ. ಆಮೇಲೆ ಎರಡು ಕಂಬ ಓಡಿ ಒಂದು ನಡೆದೆ. ಐದನೇ ತಿಂಗಳಿಗೆ ಟ್ರ್ಯಾಕಿಗೆ ಹೋದೆವು.

ಟ್ರ್ಯಾಕಿನಲ್ಲಿ ಸುತ್ತು ಎಣಿಸೋದು ಕಷ್ಟ, ಎಂಟೋ ಒಂಬತ್ತೋ ಮರೆತುಹೋಗುತ್ತದೆ. ಅಕ್ಕ ಒಂದು ಸ್ಟೀಲ್ ಡಬ್ಬಿ ತರುತ್ತಿದ್ದರು. ಕೈಯಲ್ಲಿ ಹುಣಸೆಬೀಜ. ಮೆಟ್ಟಿಲ ಮೇಲೆ ಡಬ್ಬಿಯ ಮುಚ್ಚಳ ಅಂಗಾತ ಇಟ್ಟು, ಒಂದು ಸುತ್ತು ಮುಗಿದಾಗ ಒಂದು ಬೀಜ ಅದರೊಳಕ್ಕೆ. ಠಣ್ ಅನ್ನೋದು. ಕತ್ತಲಲ್ಲಿ ಆ ಸದ್ದು ಕೇಳಿದರೆ ಇನ್ನೊಂದು ಸುತ್ತಿಗೆ ಕಾಲು ತಾನಾಗಿ ಹೊರಡುತ್ತಿತ್ತು. ಡಬ್ಬಿಯೊಳಗೆ ಹುರಿಟ್ಟಿನ ಉಂಡೆ, ಅಂದರೆ ಹುರಿದ ರಾಗಿಯ ಹಿಟ್ಟಿನದು. ಮುಗಿದ ಮೇಲೆ ತಲಾ ಒಂದು. ಮನೆಯಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ತಿನ್ನುವ ನಮಗೆ, ನಮಗೇ ಅಂತ ಕಟ್ಟಿದ ಉಂಡೆ ಅದು.

ಮಧ್ಯದಲ್ಲಿ ಅತ್ತೆಗೆ ಕಣ್ಣಿನ ಪೊರೆ ಆಪರೇಷನ್ ಆಯಿತು. ಮನೆ ಬಿಟ್ಟು ಹೊರಡಲು ಆಗಲಿಲ್ಲ, ಓಟ ಮುಗಿಯಿತು ಅಂದುಕೊಂಡೆ. ಮಾರನೇ ದಿನ ಐದೂವರೆಗೆ ಗೇಟು ಸದ್ದಾಯಿತು. ಟೀಚರಕ್ಕ. "ತಾರಸಿ ಇದೆ ಅಲ್ವಾ, ನಡಿ" ಅಂದರು. ಕೆಳಗೆ ಬೇಳೆಗೆ ಕುಕ್ಕರ್ ಇಟ್ಟು, ಮೂರು ವಿಷಲ್ ಆಗುವವರೆಗೆ ತಾರಸಿಯ ಮೇಲೆ ಸುತ್ತು ಹೊಡೆದೆವು. ಸೀರೆ ಒಣಹಾಕುವ ಹಗ್ಗದ ಕೆಳಗೆ ಬಗ್ಗಿ ಬಗ್ಗಿ. ಹೀಗೆ ಐದು ವಾರ. ಅವರಿಗೂ ಮನೆ ಇತ್ತು, ಸ್ಕೂಲು ಇತ್ತು. ಆದರೂ ಬಂದರು.

ಈ ಜೂನ್‌ನಲ್ಲಿ ಅವರಿಗೆ ಹಾಸನದ ಕಡೆ ವರ್ಗ ಆಯಿತು. ಹೋಗುವ ಮುಂಚೆ ಡಬ್ಬಿ ನನ್ನ ಕೈಗೆ ಕೊಟ್ಟರು. ಒಳಗೆ ಉಂಡೆ ಇರಲಿಲ್ಲ, 25 ಹುಣಸೆಬೀಜ ಇದ್ದವು. ಆಗ ನಾನು ಓಡುತ್ತಿದ್ದದ್ದು 14 ಸುತ್ತು. ಅವರು ಹೋದ ಮೇಲೆ ಒಂದು ತಿಂಗಳು ನನಗೆ ಗೇಟಿನ ಹತ್ತಿರ ಹೋಗೋಕೇ ಮನಸ್ಸಾಗಲಿಲ್ಲ. ಹೋದ ಭಾನುವಾರ 25ನೇ ಬೀಜ ಹಾಕಿದೆ.

ನಿಮ್ಮ ಕಥೆನೂ ಹೇಳಿ. ಯಾರಾದರೂ ಜೊತೆಗೆ ಬರುವುದಾದರೆ ಇನ್ನೂ ಸಂತೋಷ.

ಗುಬ್ಬಿ ಗೇಟ್ ಹುಡುಗಿ

ಅಕ್ಕ, ಓದಿ ಕಣ್ಣು ತುಂಬಿತು. ನನಗೆ 30, ಮಗಳಿಗೆ ಎರಡು ವರ್ಷ. ಮದುವೆಯಾಗಿ ಈ ಊರಿಗೆ ಬಂದು ನಾಲ್ಕು ವರ್ಷವಾದರೂ ಗೆಳತಿ ಅಂತ ಒಬ್ಬರೂ ಇಲ್ಲ. ಓಡಬೇಕು ಅಂತ ಆಸೆ ಇದೆ. ಕತ್ತಲು, ನಾಯಿಗಳು, ನೋಡುವವರು, ಎಲ್ಲಕ್ಕೂ ಭಯ. ನೀವು ಹೇಗೆ ಧೈರ್ಯ ಮಾಡಿದಿರಿ?

ಶೆಟ್ಟಿಹಳ್ಳಿ ಅಮ್ಮ

ಒಬ್ಬಳೇ ಆಗಿದ್ದರೆ ಮಾಡುತ್ತಿರಲಿಲ್ಲಮ್ಮ, ನಿಜ ಹೇಳುತ್ತೇನೆ. ನಾಯಿ ವಿಷಯ ಹೇಳ್ತೀನಿ ಕೇಳು. ಒಂದು ಸಲ ನಾಯಿ ಅಟ್ಟಿಸಿಕೊಂಡು ಬಂದಾಗ ಇನ್ನೂ ಜೋರಾಗಿ ಓಡಿ, ಬಿದ್ದು, ಎರಡು ಮಂಡಿನೂ ತರಚಿಕೊಂಡೆ. ಓಡಿದರೆ ಅದು ಅಟ್ಟಿಸುತ್ತದೆ. ನಿಂತುಬಿಡಬೇಕು, ನಿಧಾನಕ್ಕೆ ನಡೆಯಬೇಕು, ಅದರ ಕಣ್ಣು ದಿಟ್ಟಿಸಬಾರದು. ಅಪ್ಪಿತಪ್ಪಿ ಕಚ್ಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಹಾಕಿಸಬೇಕು. ನಾಳೆ ನೋಡೋಣ ಅನ್ನಬಾರದು.

ನೋಡುವವರು ಒಂದು ವಾರ ನೋಡುತ್ತಾರೆ. ಎರಡನೇ ವಾರ ಅವರಿಗೂ ಅಭ್ಯಾಸ ಆಗುತ್ತದೆ. ಟ್ರ್ಯಾಕಿಗೆ ವಾಕಿಂಗ್ ಬರುವ ಅಜ್ಜ ಒಬ್ಬರು ಈಗ "ಇವತ್ತು ಎಷ್ಟು ಬೀಜನಮ್ಮ?" ಅಂತ ಕೇಳುತ್ತಾರೆ.

ಕೋಲಾರದ ಗೌರಿ ಹಬ್ಬ

ನಾನು ಕೋಲಾರದವಳು. ಇಲ್ಲಿ ನಾವು ಮೂರು ಜನ ಭಾನುವಾರ ಅಂತರಗಂಗೆ ಮೆಟ್ಟಿಲು ಹತ್ತುತ್ತೇವೆ. ಮೇಲೆ ಬಸವನ ಬಾಯಿಂದ ಬೀಳುವ ನೀರು ಮುಖಕ್ಕೆ ಹಾಕಿಕೊಂಡರೆ ವಾರದ ಆಯಾಸ ಹೋಗುತ್ತದೆ. ಕೋತಿಗಳಿಗೆ ಮಾತ್ರ ಡಬ್ಬಿ ತೋರಿಸುವ ಹಾಗಿಲ್ಲ!

ಅಕ್ಕ, ಹುರಿಟ್ಟಿನ ಉಂಡೆ ಅಳತೆ ಬರೆಯಿರಿ. ನಮ್ಮಜ್ಜಿ ಮಾಡುತ್ತಿದ್ದರು, ಕೇಳಿಟ್ಟುಕೊಳ್ಳಲಿಲ್ಲ.

ಶೆಟ್ಟಿಹಳ್ಳಿ ಅಮ್ಮ

ಇದು ಅತ್ತೆಯ ಕೈ, ನಾನು ಪಕ್ಕದಲ್ಲಿ ನಿಂತು ಕಲಿತದ್ದು.

ಒಂದು ಸೇರು ರಾಗಿ ತೊಳೆದು ಕಲ್ಲು ಗಾಳಿಸಿ. ನೀರು ಬಸಿದು, ಸ್ವಲ್ಪ ಮಜ್ಜಿಗೆ ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ರಾತ್ರಿಯಿಡೀ ಕಟ್ಟಿಡಿ. ಬೆಳಗ್ಗೆ ನೆರಳಿನಲ್ಲಿ ಹರವಿ. ಕೈಗೆ ತೇವ ಅಂಟಬಾರದು, ಕಾಳು ಪೂರ್ತಿ ಒಣಗಲೂಬಾರದು. ಇದರಲ್ಲೇ ಎಲ್ಲ ಇರೋದು. ಜಾಸ್ತಿ ಒಣಗಿದರೆ ಅರಳುವುದಿಲ್ಲ, ಕರಕಲಾಗುತ್ತದೆ. ಕಬ್ಬಿಣದ ಬಾಣಲೆ ಚೆನ್ನಾಗಿ ಕಾದ ಮೇಲೆ ಒಂದೊಂದೇ ಹಿಡಿ ಹಾಕಿ ಬಟ್ಟೆಯ ಉಂಡೆಯಿಂದ ಒತ್ತಿ ಒತ್ತಿ ಹುರಿಯಿರಿ. ಚಟಪಟ ಅಂತ ಸಿಡಿದು ಬಿಳಿ ಹೂವಿನ ಹಾಗೆ ಅರಳುತ್ತದೆ. ಆ ವಾಸನೆಗೆ ನನ್ನ ಮಗ ಎಲ್ಲಿದ್ದರೂ ಅಡುಗೆಮನೆಗೆ ಬರುತ್ತಾನೆ. ಎಲ್ಲ ಕಾಳೂ ಅರಳುವುದಿಲ್ಲ, ಪರವಾಗಿಲ್ಲ. ಆರಿದ ಮೇಲೆ ಮಿಲ್ಲಿನಲ್ಲಿ ಬೀಸಿಸಿ ಜರಡಿ ಹಿಡಿಯಿರಿ.

ಉಂಡೆಗೆ: ಎರಡು ಲೋಟ ಹುರಿಹಿಟ್ಟು, ಒಂದು ಲೋಟ ಪುಡಿ ಬೆಲ್ಲ, ಅರ್ಧ ಲೋಟ ಹುರಿದ ಕಡಲೆಕಾಯಿ ಬೀಜದ ತರಿ, ಕಾಲು ಲೋಟ ತುರಿದ ಒಣಕೊಬ್ಬರಿ, ಎರಡು ಚಮಚ ಹುರಿದ ಎಳ್ಳು, ಏಲಕ್ಕಿ, ಚಿಟಿಕೆ ಉಪ್ಪು. ಬಿಸಿ ತುಪ್ಪ ಚಮಚ ಚಮಚವಾಗಿ ಹಾಕುತ್ತಾ ಕಲಸಿ. ಮುಷ್ಟಿಯಲ್ಲಿ ಹಿಡಿದಾಗ ನಿಂತರೆ ಸಾಕು. ನಿಲ್ಲದಿದ್ದರೆ ಒಂದೆರಡು ಚಮಚ ಬಿಸಿ ಹಾಲು ಚಿಮುಕಿಸಿ, ಆದರೆ ಹಾಲು ಹಾಕಿದ್ದನ್ನು ಎರಡು ದಿನದಲ್ಲಿ ಮುಗಿಸಬೇಕು. ತುಪ್ಪದ್ದು ಹತ್ತು ದಿನ ಇರುತ್ತದೆ. ಪಾಕ ಬೇಡ. ಹಿಟ್ಟು ಮೊದಲೇ ಹುರಿದದ್ದು, ಹಸಿ ವಾಸನೆ ಇರುವುದಿಲ್ಲ.

ಓಟಕ್ಕೆ ಅರ್ಧ ಗಂಟೆ ಮುಂಚೆ ಅರ್ಧ ಉಂಡೆ, ಆದ ಮೇಲೆ ಒಂದು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ನಲವತ್ತು ದಾಟಿದ ನಮ್ಮ ಮೂಳೆಗೆ ಇದಕ್ಕಿಂತ ಇನ್ನೇನು ಬೇಕು ಹೇಳಿ.

ತಿಪಟೂರು ಕೊಬ್ಬರಿ

ಕೊಬ್ಬರಿ ವಿಷಯಕ್ಕೆ ನಾನು ಬರಲೇಬೇಕು. ಒಡೆಯದ ಒಣಗಿದ ಕಾಯಿ ಅಲ್ಲಾಡಿಸಿ ನೋಡಿ, ಒಳಗೆ ಲೊಟಲೊಟ ಅಂತ ಕಳಚಿಕೊಂಡದ್ದೇ ಸರಿಯಾದ ಕೊಬ್ಬರಿ. ತುರಿಯುವ ಮುಂಚೆ ಮೇಲಿನ ಕಂದು ಸಿಪ್ಪೆ ಹೆರೆದು ತೆಗೆಯಿರಿ, ಉಂಡೆ ಬೇಗ ಕಮಟಾಗುವುದಿಲ್ಲ.

ಸಕ್ಕರೆ ಲೆಕ್ಕ

ಒಂದು ಮಾತು, ಬೇಜಾರಾಗಬೇಡಿ. ನನಗೆ ಶುಗರ್ ಇದೆ. ಬೆಲ್ಲ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ, ಆದರೆ ರಕ್ತಕ್ಕೆ ಬೆಲ್ಲನೂ ಸಕ್ಕರೆಯೇ. ನನ್ನ ಹಾಗಿರುವವರು ಈ ಉಂಡೆ ತಿಂದು ಓಡಬಹುದು ಅಂದುಕೊಳ್ಳಬೇಡಿ, ಡಾಕ್ಟರನ್ನು ಕೇಳಿ. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಓಡುವಾಗ ಶುಗರ್ ಇಳಿದು ತಲೆ ಸುತ್ತಲೂಬಹುದು.

ಶೆಟ್ಟಿಹಳ್ಳಿ ಅಮ್ಮ

ಬೇಜಾರೇನೂ ಇಲ್ಲ, ನೀವು ಹೇಳಿದ್ದು ಸರಿ. ನಾನು ಮೊದಲೇ ಬರೆಯಬೇಕಿತ್ತು. ನಮ್ಮತ್ತೆಗೂ ಶುಗರ್ ಇದೆ. ಉಂಡೆ ಕಟ್ಟುತ್ತಾರೆ, ತಾವು ಅದೇ ಹಿಟ್ಟನ್ನು ಮಜ್ಜಿಗೆ, ಉಪ್ಪು, ಈರುಳ್ಳಿ ಹಾಕಿ ಕುಡಿಯುತ್ತಾರೆ. ಅದೂ ಬಹಳ ಚೆನ್ನಾಗಿರುತ್ತದೆ.

ಹೆಸರು ಬೇಡ

ಇದನ್ನು ಯಾರ ಹತ್ತಿರವೂ ಕೇಳಿಲ್ಲ. ಎರಡು ಹೆರಿಗೆ ಆದ ಮೇಲೆ ಓಡಿದರೆ, ಸೀನಿದರೆ ಮೂತ್ರ ಸ್ವಲ್ಪ ಹೋಗಿಬಿಡುತ್ತದೆ. ಅದಕ್ಕೇ ಓಟ ಬಿಟ್ಟೆ. ನನಗೊಬ್ಬಳಿಗೇ ಹೀಗಾ?

ಫಿಸಿಯೋ ಅಕ್ಕ

ಖಂಡಿತ ಅಲ್ಲಮ್ಮ. ನನ್ನ ಹತ್ತಿರ ಬರುವ ತಾಯಂದಿರಲ್ಲಿ ತುಂಬಾ ಜನ ಕೊನೆಗೆ, ಬಾಗಿಲ ಹತ್ತಿರ ಹೋಗಿ, ಮೆಲ್ಲಗೆ ಇದನ್ನೇ ಕೇಳುತ್ತಾರೆ. ಹೆರಿಗೆಯಲ್ಲಿ ಕೆಳಹೊಟ್ಟೆಯ ತಳದ ಸ್ನಾಯುಗಳು ಸಡಿಲ ಆಗಿರುತ್ತವೆ. ಕಾಲಿನ ಸ್ನಾಯುವಿನ ಹಾಗೆ ಅದನ್ನೂ ಗಟ್ಟಿ ಮಾಡಬಹುದು. ಮೂತ್ರ ತಡೆದುಕೊಳ್ಳುವಾಗ ಬಿಗಿಯುತ್ತೇವಲ್ಲ, ಆ ಸ್ನಾಯುವನ್ನು ಐದು ಸೆಕೆಂಡ್ ಬಿಗಿಹಿಡಿದು ಐದು ಸೆಕೆಂಡ್ ಸಡಿಲ ಬಿಡಿ. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಉಸಿರು ಕಟ್ಟಬೇಡಿ. ಮೂತ್ರ ಮಾಡುತ್ತಿರುವಾಗ ಮಾಡಬೇಡಿ. ಫಲ ಕಾಣಲು ಮೂರು ತಿಂಗಳು ಹಿಡಿಯಬಹುದು, ಬಿಡಬೇಡಿ. ಕೆಳಗೆ ಏನೋ ಜಾರಿದ ಹಾಗೆ, ಭಾರ ಅನ್ನಿಸಿದರೆ ಹೆಂಗಸರ ಡಾಕ್ಟರಿಗೆ ತೋರಿಸಲೇಬೇಕು.

ಹೊಸ ಬಾಣಂತಿಯರು ಹೆರಿಗೆಯಾದ ಮೂರು ತಿಂಗಳ ತನಕ ಓಟದ ಯೋಚನೆ ಬೇಡ. ನಡೆಯಿರಿ. ಸಿಸೇರಿಯನ್ ಆದವರು ಡಾಕ್ಟರ್ ಹೇಳುವವರೆಗೆ ತಡೆಯಿರಿ. ಮತ್ತೆ ಎಲ್ಲರೂ ಒಂದು ಸಲ ಹಿಮೋಗ್ಲೋಬಿನ್ ನೋಡಿಸಿ. ಹೆಂಗಸರಿಗೆ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಎಷ್ಟು ನಿಧಾನ ಓಡಿದರೂ ಏದುಸಿರು ಬರುತ್ತದೆ ಅನ್ನುವವರಲ್ಲಿ ಎಷ್ಟೋ ಸಲ ಇದೇ ಕಾರಣ. ಊಟದ ಜೊತೆ ಕಾಫಿ ಟೀ ಬೇಡ, ಒಂದು ಗಂಟೆ ಬಿಡಿ. ಸೊಪ್ಪಿನ ಸಾರಿಗೆ ನಿಂಬೆಹಣ್ಣು ಹಿಂಡಿಕೊಳ್ಳಿ, ಕಬ್ಬಿಣದ ಅಂಶ ಚೆನ್ನಾಗಿ ಹಿಡಿಯುತ್ತದೆ.

ಹೆಸರು ಬೇಡ

ಅಕ್ಕ, ಥ್ಯಾಂಕ್ಸ್. ಇವತ್ತಿನಿಂದಲೇ ಶುರು.

ಮಧುಗಿರಿ ಸೊಸೆ

ನಮ್ಮ ಮನೆಯಲ್ಲಿ "ಹೆಂಗಸರು ಓಡಿದರೆ ಗರ್ಭಕೋಶ ಜಾರುತ್ತದೆ" ಅಂತ ಅತ್ತೆ ಪಟ್ಟು ಹಿಡಿದಿದ್ದಾರೆ. ಕೆಟ್ಟವರಲ್ಲ, ನನ್ನ ಮೇಲೆ ಪ್ರೀತಿ ಇದೆ. ಹೆದರಿಕೆ ಅಷ್ಟೇ. ಏನು ಹೇಳಲಿ?

ನಿವೃತ್ತ ಪಿ.ಟಿ. ಮೇಷ್ಟ್ರು

ಮಗಳೇ, ನಿಮ್ಮ ಅತ್ತೆ ಒಬ್ಬರೇ ಅಲ್ಲ, ಇಡೀ ಪ್ರಪಂಚವೇ ಹಾಗೆ ಅಂದುಕೊಂಡಿತ್ತು. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಹೆಂಗಸರು 800 ಮೀಟರ್ ಓಡಿದರು. ಇದು ಅವರ ಮೈಗೆ ಆಗದ ಕೆಲಸ ಅಂತ ಅದನ್ನು ತೆಗೆದೇಹಾಕಿದರು, ಮತ್ತೆ ಸೇರಿಸಿದ್ದು 1960ರಲ್ಲಿ, ರೋಮ್‌ನಲ್ಲಿ. 1967ರಲ್ಲಿ ಬಾಸ್ಟನ್ ಮ್ಯಾರಥಾನ್‌ನಲ್ಲಿ ನಂಬರ್ ಹಾಕಿಕೊಂಡು ಓಡಿದ ಕ್ಯಾಥ್ರಿನ್ ಸ್ವಿಟ್ಜರ್ ಅವರನ್ನು ಓಟದ ಮಧ್ಯದಲ್ಲೇ ಹಿಡಿದು ಎಳೆಯಲು ನೋಡಿದರು. ಆಕೆ ಓಟ ಮುಗಿಸಿದರು. ಒಲಿಂಪಿಕ್ಸ್‌ನಲ್ಲಿ ಹೆಂಗಸರ ಮ್ಯಾರಥಾನ್ ಬಂದದ್ದು 1984ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ಅದೇ ಕೂಟದಲ್ಲಿ ನಮ್ಮ ಪಿ.ಟಿ. ಉಷಾ 400 ಮೀಟರ್ ಹರ್ಡಲ್ಸ್‌ನಲ್ಲಿ ಸೆಕೆಂಡಿನ ನೂರರಲ್ಲಿ ಒಂದು ಭಾಗದಿಂದ ಕಂಚು ಕಳೆದುಕೊಂಡರು. ಆಗ ನಾನು ಕೆಲಸಕ್ಕೆ ಸೇರಿದ ಹೊಸದು. ಮಾರನೇ ವಾರ ನಮ್ಮ ಸ್ಕೂಲಿನ ಹುಡುಗಿಯರು ತಾವಾಗಿ ಬಂದು "ಸಾರ್, ನಾವೂ ಓಡ್ತೀವಿ" ಅಂದರು. ಅದನ್ನು ಮರೆಯಲು ಆಗುವುದಿಲ್ಲ.

ಬ್ರಿಟನ್ನಿನ ಪೌಲಾ ರ‍್ಯಾಡ್‌ಕ್ಲಿಫ್ 2007ರ ಜನವರಿಯಲ್ಲಿ ಮಗಳನ್ನು ಹೆತ್ತರು, ಅದೇ ನವೆಂಬರ್‌ನಲ್ಲಿ ನ್ಯೂಯಾರ್ಕ್ ಮ್ಯಾರಥಾನ್ ಗೆದ್ದರು. 42.195 ಕಿಲೋಮೀಟರ್. ಅತ್ತೆಗೆ ಈ ತಾಯಿಯ ಕಥೆ ಹೇಳಿ ನೋಡಿ. ಅದಕ್ಕಿಂತ ಮೊದಲು ಅವರನ್ನೂ ವಾಕಿಂಗಿಗೆ ಕರೆದುಕೊಂಡು ಹೋಗಿ.

ಶೂ ಬಗ್ಗೆ: ಸಂಜೆ ಹೊತ್ತು ಕೊಳ್ಳಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಹೆಬ್ಬೆರಳ ಮುಂದೆ ಅರ್ಧ ಇಂಚು ಜಾಗ ಇರಲಿ. ಇಲ್ಲದಿದ್ದರೆ ಉಗುರು ಕಪ್ಪಾಗುತ್ತದೆ.

ಶೆಟ್ಟಿಹಳ್ಳಿ ಅಮ್ಮ

ಮೇಷ್ಟ್ರೇ, ನಿಮ್ಮ ಮಾತನ್ನು ನಮ್ಮತ್ತೆಗೆ ಓದಿ ಹೇಳಿದೆ. ಅವರೂ ಮೊದಲ ವರ್ಷ ನನ್ನ ಜೊತೆ ಇದೇ ಜಗಳ ಆಡಿದವರು. ಕಣ್ಣಿನ ಆಪರೇಷನ್ ಆಗಿ ಪಟ್ಟಿ ಕಟ್ಟಿಕೊಂಡು ಮಲಗಿದ್ದಾಗ ತಾರಸಿ ಮೇಲೆ ನಮ್ಮ ಹೆಜ್ಜೆ ಸದ್ದು ಕೇಳುತ್ತಿತ್ತಂತೆ. "ನೀವಿಬ್ಬರೂ ನಗೋದು ಕೇಳಿದರೆ ನನಗೂ ಬೆಳಗಾಯ್ತು ಅನ್ನಿಸ್ತಿತ್ತು" ಅಂದರು. ಪಟ್ಟಿ ಬಿಚ್ಚಿದ ಮೇಲೆ ಅವರು ಮೊದಲು ಮಾಡಿದ ಅಡುಗೆ ಈ ಉಂಡೆ. ಅಲ್ಲಿಯವರೆಗೆ ಟೀಚರಕ್ಕನೇ ಮಾಡಿ ತರುತ್ತಿದ್ದರು.

ಶಿರಾ ಗೇಟ್ ಅಪ್ಪ

ಗಂಡಸರು ಬರೆಯಬಹುದಾ? ನನ್ನ ಹೆಂಡತಿಗೆ ಓಡುವ ಆಸೆ ಇದೆ, ಟೈಮ್ ಇಲ್ಲ ಅನ್ನುತ್ತಾಳೆ. ನಾನು ಏನು ಮಾಡಬಹುದು?

ಶೆಟ್ಟಿಹಳ್ಳಿ ಅಮ್ಮ

ಬರೆಯಿರಿ ಅಣ್ಣ, ಒಳ್ಳೆಯ ಪ್ರಶ್ನೆ. ವಾರಕ್ಕೆ ಮೂರು ದಿನ 5ರಿಂದ 6:30ರವರೆಗೆ ಅಡುಗೆಮನೆ, ಮಕ್ಕಳ ಸ್ನಾನ ನಿಮ್ಮದು. "ಹೆಲ್ಪ್ ಮಾಡಲಾ" ಅಂತ ಕೇಳಬೇಡಿ, ಯಾವ ಡಬ್ಬಿಯಲ್ಲಿ ಏನಿದೆ ಅಂತ ಫೋನ್ ಮಾಡಬೇಡಿ. ನಮ್ಮೆಜಮಾನರು ಮೊದಲ ವಾರ ಉಪ್ಪಿಟ್ಟಿಗೆ ನೀರು ಜಾಸ್ತಿ ಮಾಡಿದರು. ಮಕ್ಕಳು ತಿಂದರು, ಸ್ಕೂಲಿಗೆ ಹೋದರು. ಈಗ ಅವರ ಚಿತ್ರಾನ್ನಕ್ಕೆ ಮಗಳು ಕಾಯುತ್ತಾಳೆ.

ಶಿರಾ ಗೇಟ್ ಅಪ್ಪ

ಆಯಿತು. ಸೋಮವಾರ, ಬುಧವಾರ, ಶುಕ್ರವಾರ. ಅವಳಿಗೆ ಈಗಲೇ ಹೇಳುತ್ತೇನೆ.

ಕುಣಿಗಲ್ ರಸ್ತೆ

ಟ್ರ್ಯಾಕ್ ಬೇಜಾರಾದವರು ದೇವರಾಯನದುರ್ಗದ ರಸ್ತೆಯಲ್ಲಿ ಓಡಬಹುದಾ? ನಾಮದ ಚಿಲುಮೆ ಕಡೆಯಿಂದ?

ಶೆಟ್ಟಿಹಳ್ಳಿ ಅಮ್ಮ

ತುಂಬಾ ಚೆಂದದ ರಸ್ತೆ. ಆದರೆ ಅದು ಕಾಡು, ಚಿರತೆ, ಕರಡಿ ಇರುವ ಜಾಗ. ಕತ್ತಲಲ್ಲಿ ಖಂಡಿತ ಬೇಡ, ಒಬ್ಬರೇ ಅಂತೂ ಬೇಡವೇ ಬೇಡ. ಬೆಳಕಾದ ಮೇಲೆ ನಾಲ್ಕು ಜನ ಸೇರಿ ಹೋಗಿ. ಇಲ್ಲದಿದ್ದರೆ ಅಮಾನಿಕೆರೆ ಇದೆ ಅಲ್ವಾ, ನೀರಿನ ಗಾಳಿ, ಹಕ್ಕಿಗಳು. ನಾವು ಅಲ್ಲಿ ಓಡಿದ ದಿನ ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿನ್ನುವುದು ಪದ್ಧತಿ. ಇಡ್ಲಿ ಮೇಲೆ ಬೆಣ್ಣೆ ಕರಗುವವರೆಗೆ ಟೀಚರಕ್ಕ ತಿನ್ನಲು ಬಿಡುತ್ತಿರಲಿಲ್ಲ.

ಹುಣಸೆಬೀಜ

ಬೆಣ್ಣೆ ಕರಗದೆ ತಿಂದರೆ ಅದು ತಟ್ಟೆ ಇಡ್ಲಿ ಆಗುತ್ತೇನೇ?

ಶೆಟ್ಟಿಹಳ್ಳಿ ಅಮ್ಮನ ಮಗಳು ಇದನ್ನು ನನಗೆ ಕಳಿಸಿದಳು. ಸ್ಟಾಫ್ ರೂಮಿನಲ್ಲಿ ಕೂತು ಓದಿದೆ. 25 ಆಯ್ತಾ! ಫೋನಿನಲ್ಲಿ ಯಾಕೆ ಹೇಳಲಿಲ್ಲ?

ಒಂದು ಮಾತು ಇವಳು ಬರೆದಿಲ್ಲ, ನಾನು ಬರೆಯುತ್ತೇನೆ. ಅವಳ ತಾರಸಿಗೆ ನಾನು ಹೋದದ್ದು ಅವಳಿಗೋಸ್ಕರ ಮಾತ್ರ ಅಲ್ಲ. ಆ ವರ್ಷ ನಮ್ಮ ತಾಯಿ ತೀರಿಕೊಂಡಿದ್ದರು. ಬೆಳಗ್ಗೆ ನಾಲ್ಕಕ್ಕೆ ಎಚ್ಚರ ಆಗುತ್ತಿತ್ತು, ಆಮೇಲೆ ಮನೆಯಲ್ಲಿ ಸುಮ್ಮನೆ ಕೂರಲು ಆಗುತ್ತಿರಲಿಲ್ಲ. ಓಡುತ್ತಾ ಇವಳು ಒಂದು ದಿನವೂ "ಅಳಬೇಡಿ ಅಕ್ಕ" ಅನ್ನಲಿಲ್ಲ. ನಾನು ಅತ್ತ ದಿನ ಹೆಜ್ಜೆ ನಿಧಾನ ಮಾಡಿ ಪಕ್ಕದಲ್ಲೇ ಬಂದಳು. ಅಷ್ಟು ಸಾಕಿತ್ತು ನನಗೆ.

ಇಲ್ಲಿ ಇನ್ನೂ ಜೊತೆ ಸಿಕ್ಕಿಲ್ಲ, ಒಬ್ಬಳೇ ಓಡುತ್ತಿದ್ದೇನೆ. ಮಳೆ ಜಾಸ್ತಿ. ದಸರಾ ರಜೆಗೆ ಬರುತ್ತೇನೆ, ಅತ್ತೆಯವರಿಗೆ ಹೇಳು.

ಶೆಟ್ಟಿಹಳ್ಳಿ ಅಮ್ಮ

ಅಕ್ಕ, ಫೋನ್ ಕೈಗೆತ್ತಿಕೊಂಡೆ, ಅಳು ಬಂತು, ಇಟ್ಟುಬಿಟ್ಟೆ. ಅದಕ್ಕೇ ಹೇಳಲಿಲ್ಲ. ಬ್ಯಾಂಕಿನಲ್ಲಿದ್ದೇನೆ, ಸಂಜೆ ಮಾಡ್ತೀನಿ. ಅತ್ತೆ ರಾಗಿ ನೆನೆಹಾಕುತ್ತೇನೆ ಅಂತ ಈಗಲೇ ಶುರು ಮಾಡಿದ್ದಾರೆ. ಹಾಸನಕ್ಕೆ ನಾಳೆ ಹೊರಡುವ ನಮ್ಮ ಪಕ್ಕದ ಮನೆಯವರ ಕೈಯಲ್ಲಿ ಕಳಿಸುತ್ತೇವೆ. ಸ್ಟಾಫ್ ರೂಮಿನವರಿಗೂ ಕೊಡಿ, ಅವರಲ್ಲೇ ಯಾರಾದರೂ ಓಡಲು ಬರಬಹುದು.

ಗುಬ್ಬಿ ಗೇಟ್ ಹುಡುಗಿ

ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ. ನಮ್ಮ ರಸ್ತೆಯಲ್ಲೇ ಬೆಳಕಾದ ಮೇಲೆ ಶುರು ಮಾಡಿದೆ. ಮೊದಲ ದಿನ ಒಂದು ಕಂಬ ಓಡಿ ಎದೆ ಹೊಡೆದುಕೊಂಡಿತು. ಇವತ್ತು ಒಂದೊಂದೇ ಕಂಬದಂತೆ ಒಟ್ಟು ಹನ್ನೊಂದು ಕಂಬ ಓಡಿದೆ. ಮಗಳು ಬಾಗಿಲಲ್ಲಿ ನಿಂತು ಚಪ್ಪಾಳೆ ಹೊಡೆದಳು. ಉಂಡೆನೂ ಮಾಡಿದೆ, ರಾಗಿ ಅರ್ಧಕ್ಕರ್ಧ ಅರಳಲಿಲ್ಲ. ಆದರೂ ಚೆನ್ನಾಗಿತ್ತು.

ಅಕ್ಕ, ನಿಮ್ಮ ಜೊತೆ ಟ್ರ್ಯಾಕಿಗೆ ಬರಲಾ? ನಾನು ತುಂಬಾ ನಿಧಾನ.

ಶೆಟ್ಟಿಹಳ್ಳಿ ಅಮ್ಮ

ಬಾ. ಭಾನುವಾರ 5:20, ಕ್ರೀಡಾಂಗಣದ ಗೇಟು. ಹಸಿರು ಸ್ಕೂಟಿ, ಕೈಯಲ್ಲಿ ಸ್ಟೀಲ್ ಡಬ್ಬಿ. ಮಳೆ ಬಂದರೂ ಇರುತ್ತೇನೆ. ಹುಣಸೆಬೀಜ ನನ್ನ ಹತ್ತಿರ ಇದೆ, ನಿನಗೆ ಮೊದಲ ದಿನ ಎರಡು ಸಾಕು. ರಾಗಿ ಅರಳದಿದ್ದದ್ದು ಒಣಗಿದ್ದು ಜಾಸ್ತಿಯಾಗಿ. ಬರುವಾಗ ಒಂದು ಉಂಡೆ ತಗೊಂಡು ಬಾ, ಅತ್ತೆಗೆ ತೋರಿಸಿ ಕೇಳೋಣ.